ಗೆಳೆಯ ತೋರಿಸಿದ ಬೇಟೆ ಜಾಗಕ್ಕೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಸರ್, ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿ. ಊರು ಸಾಗರದ ಕಡೆ. ಆಫೀಸಿನ ಅಮೆರಿಕನ್ ಗೆಳೆಯರೊಬ್ಬರು ನನಗೆ ಜಿಂಕೆ ಬೇಟೆ ಕಲಿಸಿದರು. ಎರಡು ಗಂಟೆ ದಾರಿಯ ಒಂದು ಸ್ಟೇಟ್ ಗೇಮ್ ಏರಿಯಾದಲ್ಲಿ (ಬೇಟೆಗೆ ಬಿಟ್ಟ ಸರ್ಕಾರಿ ಕಾಡು) ತಾವು ವರ್ಷಗಳಿಂದ ಕೂರುತ್ತಿದ್ದ ಜಾಗ ತೋರಿಸಿದರು. ಮೂರು ಸೀಸನ್ ಜೊತೆಗೇ ಹೋದೆವು. ಕಳೆದ ಅಕ್ಟೋಬರಿನಲ್ಲಿ ಅವರು ಊರಲ್ಲಿ ಇಲ್ಲದಾಗ ನನ್ನ ಕನ್ನಡದ ಗೆಳೆಯನೊಬ್ಬನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಮರಕ್ಕೆ ಕಟ್ಟಿಟ್ಟಿದ್ದ ಟ್ರೀ ಸ್ಟ್ಯಾಂಡಿನಲ್ಲೇ (ಬೇಟೆಗೆ ಕೂರುವ ಅಟ್ಟಣೆ) ಕೂರಿಸಿದೆ. ಅವನ ಹತ್ತಿರ ಸ್ವಂತ ಲೈಸೆನ್ಸ್ ಇತ್ತು, ಕ್ರಾಸ್‌ಬೋ (ಕೋವಿಯಂತೆ ಹಿಡಿದು ಬಾಣ ಬಿಡುವ ಬಿಲ್ಲು) ಇತ್ತು. ಅದೃಷ್ಟಕ್ಕೆ ಕೊಂಬಿಗೆ ಎಂಟು ಮೊನೆ ಇದ್ದ ಗಂಡು ಜಿಂಕೆ ಸಿಕ್ಕಿತು. ಫೋಟೊ ಫೇಸ್‌ಬುಕ್‌ಗೆ ಹಾಕಿದ. ನಾಲ್ಕಾರು ವಾಟ್ಸಾಪ್ ಗುಂಪುಗಳಿಗೂ ಹೋಯಿತು. ನವೆಂಬರ್ 15ರ ಬೆಳಗಿನ ಜಾವ ನಾನು, ಅಮೆರಿಕನ್ ಗೆಳೆಯರು ಹೋಗಿ ನೋಡಿದರೆ ಪಾರ್ಕಿಂಗ್ ತುಂಬ ಟ್ರಕ್. ನಮ್ಮ ಜಾಗದಲ್ಲಿ ಯಾರೋ ಇಬ್ಬರು ಕೂತಿದ್ದರು. ಗೆಳೆಯರು ಒಂದು ಮಾತೂ ಬೈಯಲಿಲ್ಲ. ಆದರೆ ಆಮೇಲೆ ನನ್ನನ್ನು ಬೇಟೆಗೆ ಕರೆದಿಲ್ಲ. ಆಫೀಸಿನಲ್ಲಿ ಸಿಕ್ಕರೆ ಮಳೆ, ಚಳಿ ಅಂತ ಮಾತಾಡಿ ಹೋಗುತ್ತಾರೆ. ಅದು ಸರ್ಕಾರಿ ಜಾಗ ಅಲ್ವಾ ಸರ್? ಯಾರು ಬೇಕಾದರೂ ಹೋಗಬಹುದಲ್ಲ? ಬರುವ ಸೀಸನ್‌ಗೆ ನನ್ನ ಕನ್ನಡದ ಗೆಳೆಯನೂ ಕೋವಿ ಹಿಡಿದು ಬರುತ್ತೇನೆ ಅನ್ನುತ್ತಿದ್ದಾನೆ. ಅವನು ಎಚ್-1ಬಿ ವೀಸಾದಲ್ಲಿ ಇದ್ದಾನೆ. ಏನು ಮಾಡಲಿ?
— ಹೆಸರು ಬೇಡ ಎಂದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಕಾನೂನಿನದು, ಇನ್ನೊಂದು ಸ್ನೇಹದ್ದು. ಕಾನೂನಿನದಕ್ಕೆ ಉತ್ತರ ಚಿಕ್ಕದು: ಹೌದು, ಆ ಜಾಗಕ್ಕೆ ಲೈಸೆನ್ಸ್ ಇರುವ ಯಾರು ಬೇಕಾದರೂ ಹೋಗಬಹುದು. ನಿಮ್ಮ ನಿದ್ದೆ ಕೆಡಿಸಿರುವುದು ಅದಲ್ಲ. ಕಾನೂನು ಪ್ರಕಾರ ತಪ್ಪೇ ಇಲ್ಲದಿದ್ದರೆ ಅವರು ಯಾಕೆ ದೂರವಾದರು ಅನ್ನುವುದು.

ನಾನು ಈ ರಾಜ್ಯದಲ್ಲಿ ಹಂಟರ್ ಸೇಫ್ಟಿ ತರಗತಿಗಳಲ್ಲಿ ಸ್ವಯಂಸೇವಕನಾಗಿ ಪಾಠ ಮಾಡುತ್ತೇನೆ. ತರಗತಿ ಮುಗಿದ ಮೇಲೆ ಮೂಲೆಯಲ್ಲಿ ನಿಂತು ಜನ ಕೇಳುವ ಪ್ರಶ್ನೆಗಳಲ್ಲಿ ಕೋವಿಯ ಬಗ್ಗೆ ಕಡಿಮೆ, ಇಂಥ ಗೆಳೆಯರ ಮುನಿಸಿನ ಬಗ್ಗೆ ಜಾಸ್ತಿ. ಇದು ನಮ್ಮವರಿಗೆ ಮಾತ್ರ ಆಗುವ ಎಡವಟ್ಟೂ ಅಲ್ಲ. ಇಲ್ಲೇ ಹುಟ್ಟಿ ಬೆಳೆದ ಅಣ್ಣತಮ್ಮಂದಿರು ಇದೇ ಕಾರಣಕ್ಕೆ ಮಾತು ಬಿಟ್ಟಿರುವುದನ್ನು ನೋಡಿದ್ದೇನೆ.

ಮೊದಲು ಕಾನೂನಿನ ಭಾಗ ಮುಗಿಸಿಬಿಡೋಣ. ಸ್ಟೇಟ್ ಗೇಮ್ ಏರಿಯಾ, ಸ್ಟೇಟ್ ಫಾರೆಸ್ಟ್, ಉತ್ತರದ ಹ್ಯೂರಾನ್-ಮ್ಯಾನಿಸ್ಟೀ ನ್ಯಾಷನಲ್ ಫಾರೆಸ್ಟ್, ಇವೆಲ್ಲ ಸಾರ್ವಜನಿಕ ಜಾಗಗಳು. ಮೊದಲು ಬಂದವರಿಗೆ ಮೊದಲು. ಇಪ್ಪತ್ತು ವರ್ಷದಿಂದ ಒಂದೇ ಮರದ ಕೆಳಗೆ ಕೂತಿದ್ದರೂ ಆ ಮರ ಯಾರ ಹೆಸರಿಗೂ ಆಗುವುದಿಲ್ಲ. ಇಲ್ಲಿನ ಕೆಲವು ಹಳಬರು ಇದಕ್ಕೆ ತಿರುಗಾ ಮಾತಾಡುತ್ತಾರೆ. 'ಇದು ನಮ್ಮಪ್ಪನ ಕಾಲದ ಜಾಗ, ನೀನ್ಯಾರು?' ಅಂತ ದಬಾಯಿಸುತ್ತಾರೆ. ಅದು ಬರೀ ದಬಾವಣೆ. ಬೇಟೆಗೆ ಬಂದವರನ್ನು ಬೇಕೆಂದೇ ಅಡ್ಡಿಪಡಿಸುವುದು ಮಿಷಿಗನ್‌ನಲ್ಲಿ ಅಪರಾಧ.

ಟ್ರೀ ಸ್ಟ್ಯಾಂಡಿನ ವಿಷಯ ಇನ್ನೂ ವಿಚಿತ್ರ. ಸಾರ್ವಜನಿಕ ಜಾಗದಲ್ಲಿ ಸ್ಟ್ಯಾಂಡ್ ಬಿಟ್ಟು ಬರುವುದಾದರೆ ಅದರ ಮೇಲೆ ಅಳಿಸಿಹೋಗದ ಹಾಗೆ ಹೆಸರು ವಿಳಾಸವನ್ನೋ ಗುರುತಿನ ನಂಬರನ್ನೋ ಹಾಕಲೇಬೇಕು. ಆದರೆ ಹೆಸರು ಹಾಕಿದ ಮಾತ್ರಕ್ಕೆ ಅದರಲ್ಲಿ ನೀವೊಬ್ಬರೇ ಕೂರಬೇಕು ಅನ್ನುವ ಹಕ್ಕು ಬರುವುದಿಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಿಯಮವೇ ಹಾಗೆ ಹೇಳುತ್ತದೆ. ಅಂದರೆ ನಿಮ್ಮ ಗೆಳೆಯನನ್ನು ಅಲ್ಲಿ ಕೂರಿಸಿದ್ದಕ್ಕೆ ಯಾವ ಅಧಿಕಾರಿಯೂ ದಂಡ ಹಾಕುವುದಿಲ್ಲ. (ಪಕ್ಕದ ರಾಜ್ಯಗಳಲ್ಲಿ ನಿಯಮ ಬೇರೆ ಇರುತ್ತದೆ. ಗಡಿ ದಾಟುವ ಮೊದಲು ಆ ವರ್ಷದ ಪುಸ್ತಕ ನೋಡಿಕೊಳ್ಳಿ.)

ಇಷ್ಟೆಲ್ಲ ಸರಿ ಇದ್ದೂ ನಿಮ್ಮ ಗೆಳೆಯರ ಬೇಸರ ನ್ಯಾಯವಾದದ್ದೇ. ಅದು ಹೊಟ್ಟೆಕಿಚ್ಚಲ್ಲ.

ಅವರು ಕೊಟ್ಟಿದ್ದು ಜಾಗ ಅಲ್ಲ

ಜಾಗ ನಕ್ಷೆಯಲ್ಲಿ ಇದೆ, ಯಾರು ಬೇಕಾದರೂ ನೋಡಬಹುದು. ಅವರು ನಿಮಗೆ ಕೊಟ್ಟಿದ್ದು ಆ ಜಾಗದ ಒಳವಿವರ. ಜಿಂಕೆ ಹಗಲು ಎಲ್ಲಿ ಮಲಗುತ್ತದೆ, ಸಂಜೆ ಯಾವ ಏಣಿನ ಮೇಲೆ ಬರುತ್ತದೆ, ಯಾವ ಗಾಳಿಗೆ ಅಲ್ಲಿ ಕೂರಬಾರದು, ಪಾರ್ಕಿಂಗಿನಿಂದ ನೇರ ಹೋಗದೆ ಹಳ್ಳದ ಪಕ್ಕ ಸುತ್ತಿ ಯಾಕೆ ಹೋಗಬೇಕು. ಇದು ಫೆಬ್ರವರಿಯ ಹಿಮದಲ್ಲಿ ಹೆಜ್ಜೆ ಹುಡುಕಿ, ಎಷ್ಟೋ ದಿನ ಏನೂ ಕಾಣದೆ ಚಳಿಯಲ್ಲಿ ಕೂತು ಕಲಿತದ್ದು. ನೀವು ಸಾಗರದವರು, ನಿಮಗೆ ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಅಣಬೆ ಏಳುವ ಜಾಗ ಗೊತ್ತಿರುವ ಅಜ್ಜಿ ನಿಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರೆ, ಮಾರನೇ ವಾರ ನೀವು ಇಡೀ ಕೇರಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ? ಅದು ಯಾರಪ್ಪನ ಕಾಡೂ ಅಲ್ಲ. ಆದರೂ ಹೋಗುವುದಿಲ್ಲ ತಾನೆ?

ಇಲ್ಲಿನ ಬೇಟೆಗಾರರ ನಡುವೆ ಬರೆಯದ ಒಂದು ಕಟ್ಟಳೆ ಇದೆ. ಬೇರೆಯವರು ತೋರಿಸಿದ ಜಾಗಕ್ಕೆ ಅವರಿಲ್ಲದೆ ಹೋಗುವುದಾದರೆ ಮೊದಲು ಹೇಳಬೇಕು. ಮೂರನೆಯವರನ್ನು ಕರೆದುಕೊಂಡು ಹೋಗುವುದಾದರೆ ಕೇಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಅದೇ ತೊಂದರೆ. ಹನ್ನೆರಡು ವಯಸ್ಸಿಗೆ ಅಪ್ಪನ ಹಿಂದೆ ನಡೆದವರಿಗೆ ಇದು ತಾನಾಗಿ ಗೊತ್ತು. ಮೂವತ್ತು ದಾಟಿದ ಮೇಲೆ ಆಫೀಸಿನ ಗೆಳೆಯರಿಂದ ಕಲಿತ ನಮಗೆ ಗೊತ್ತಿರುವುದಿಲ್ಲ. ಜೊತೆಗೆ ನಮ್ಮ ಅಭ್ಯಾಸವೇ ಬೇರೆ. ಒಳ್ಳೆಯದು ಏನು ಸಿಕ್ಕರೂ ನಾಲ್ಕು ಜನಕ್ಕೆ ಹೇಳುತ್ತೇವೆ. ಯಾವ ಅಂಗಡಿಯಲ್ಲಿ ಒಳ್ಳೆ ನುಗ್ಗೆಕಾಯಿ ಬಂದಿದೆ, ಯಾವ ಡಾಕ್ಟರು ಗಡಿಬಿಡಿ ಮಾಡದೆ ನೋಡುತ್ತಾರೆ, ಎಲ್ಲ ಗುಂಪಿಗೆ ಹಾಕುತ್ತೇವೆ. ಹೇಳದಿದ್ದವರೇ ಜಿಪುಣರು. ಬೇಟೆ ಜಾಗದ ವಿಷಯದಲ್ಲಿ ಅದು ಉಲ್ಟಾ.

ಜಿಂಕೆಯ ಮೂಗು

ಒಂದು ಸಲ, ಒಬ್ಬನನ್ನು ಕರೆದುಕೊಂಡು ಹೋದರೆ ಏನು ಮುಳುಗಿಹೋಗುತ್ತದೆ? ಇದನ್ನು ಬಹಳ ಜನ ಕೇಳುತ್ತಾರೆ. ಸ್ವಲ್ಪ ಮುಳುಗಿಹೋಗುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಇಲ್ಲಿನ ಬಿಳಿಬಾಲದ ಜಿಂಕೆ ಬದುಕುವುದು ಮೂಗಿನಿಂದ. ಕಣ್ಣಿಗೆ ಬಣ್ಣ ಅಷ್ಟಾಗಿ ತಿಳಿಯುವುದಿಲ್ಲ. ನಾವು ಹಾಕುವ ಕಣ್ಣುಕುಕ್ಕುವ ಕಿತ್ತಳೆ ಅಂಗಿ ಅದಕ್ಕೆ ಹುಲ್ಲು ಸೊಪ್ಪಿನ ಬಣ್ಣದಿಂದ ಬೇರೆಯಾಗಿ ಕಾಣುವುದಿಲ್ಲ. ಆದರೆ ನೀವು ಬೆಳಗ್ಗೆ ನಡೆದುಹೋದ ದಾರಿಯ ವಾಸನೆಯನ್ನು ಅದು ಎಷ್ಟೋ ಹೊತ್ತಿನ ಮೇಲೂ ಹಿಡಿಯುತ್ತದೆ. ಗಾಳಿ ನೋಡದೆ ಮರಸು ಕೂರಬಾರದು ಅನ್ನುವುದು ನಮ್ಮ ಮಲೆನಾಡಿನ ಹಳೇ ಶಿಕಾರಿಯವರಿಗೂ ಗೊತ್ತಿತ್ತು. ಇಲ್ಲಿ ಅದರ ಜೊತೆ ಇನ್ನೊಂದು ಲೆಕ್ಕ ಸೇರುತ್ತದೆ. ಬಿಸಿಲು ಏರಿದ ಮೇಲೆ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ. ಸಂಜೆ ತಣ್ಣಗಾದ ಕೂಡಲೇ ಅದೇ ಗಾಳಿ ಹಳ್ಳದ ಕಡೆ ಜಾರುತ್ತದೆ. ಅಂದರೆ ಬೆಳಗ್ಗೆ ಒಳ್ಳೆಯದಾಗಿದ್ದ ಸ್ಟ್ಯಾಂಡ್ ಸಂಜೆ ಕೆಟ್ಟದ್ದಾಗಬಹುದು. ನಿಮ್ಮ ಅಮೆರಿಕನ್ ಗೆಳೆಯರು ಮೂಡಣ ಗಾಳಿ ಇದ್ದ ದಿನ 'ಇವತ್ತು ಬೇಡ' ಅಂತ ಟ್ರಕ್ ತಿರುಗಿಸಿದ್ದೂ ಇರಬಹುದು, ನೆನಪು ಮಾಡಿಕೊಳ್ಳಿ. ಅವರಂಥವರು ಒಳ್ಳೆ ಜಾಗಕ್ಕೆ ಕಡಿಮೆ ಸಲ ಹೋಗುತ್ತಾರೆ. ಅದನ್ನು ನವೆಂಬರಿಗೆ ಅಂತ ಉಳಿಸಿಡುತ್ತಾರೆ.

ಕೊರಳಿಗೆ ಜಿಪಿಎಸ್ ಪಟ್ಟಿ ಹಾಕಿ ಜಿಂಕೆಗಳ ಓಡಾಟ ನೋಡಿದ ಅಧ್ಯಯನಗಳು ಹಲವು ರಾಜ್ಯಗಳಲ್ಲಿ ಆಗಿವೆ. ಮನುಷ್ಯರ ಓಡಾಟ ಜಾಸ್ತಿಯಾದ ಜಾಗದಲ್ಲಿ ಅವು ಊರು ಬಿಟ್ಟು ಓಡಿಹೋಗುವುದಿಲ್ಲ. ಹಗಲು ಅಲ್ಲಾಡುವುದನ್ನು ಬಿಡುತ್ತವೆ. ದಟ್ಟ ಪೊದೆಗೆ ಸರಿದು ಕತ್ತಲಾದ ಮೇಲೆ ಹೊರಬರುತ್ತವೆ. ಬಲಿತ ಗಂಡು ಜಿಂಕೆಗಳಂತೂ ಇದರಲ್ಲಿ ಪಳಗಿದವು. ಬೇಟೆಯ ಹೊತ್ತು ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ. ಕತ್ತಲಲ್ಲಿ ಬರುವ ಜಿಂಕೆ ಬೇಟೆಗಾರನ ಲೆಕ್ಕಕ್ಕೆ ಇಲ್ಲದ ಜಿಂಕೆ.

ನಿಮ್ಮ ಗೆಳೆಯನ ಕ್ರಾಸ್‌ಬೋಗೆ ಆ ಎಂಟು ಮೊನೆಯದು ಬಿದ್ದಿದ್ದು ಸಂತೋಷವೇ. ಆದರೆ ಅದನ್ನು ಹುಡುಕಿ, ಕರುಳು ತೆಗೆದು, ಇಬ್ಬರು ಸೇರಿ ಎಳೆದು ತಂದಿರುತ್ತೀರಿ. ಆ ಇಡೀ ಪೊದೆಯ ತುಂಬ ನಿಮ್ಮ ವಾಸನೆ. ಇನ್ನೊಂದು ಕಡೆಯಿಂದ ನೋಡಿ. ನಿಮ್ಮ ಅಮೆರಿಕನ್ ಗೆಳೆಯರು ಬೇಸಿಗೆಯಿಂದ ಅದೇ ಜಿಂಕೆಯನ್ನು ಕ್ಯಾಮೆರಾದಲ್ಲಿ ನೋಡುತ್ತಿದ್ದಿರಬಹುದು. ಆಮೇಲೆ ಅದನ್ನೇ ಫೇಸ್‌ಬುಕ್‌ನಲ್ಲಿ ನೋಡಿರಬಹುದು, ಗುರುತಿಲ್ಲದ ಒಬ್ಬರ ಕೈಯಲ್ಲಿ, ತಮ್ಮದೇ ಸ್ಟ್ಯಾಂಡಿನ ಕೆಳಗೆ.

ಫೋಟೊದ ಹಿನ್ನೆಲೆ

ನಿಮ್ಮ ಗೆಳೆಯ ಜಾಗದ ಹೆಸರು ಬರೆದಿರಲಿಕ್ಕಿಲ್ಲ. ಬರೆಯಬೇಕಾಗಿಯೂ ಇಲ್ಲ. ಬೇಟೆಗಾರರು ಇಂಥ ಫೋಟೊದಲ್ಲಿ ಜಿಂಕೆಯನ್ನು ಒಂದು ಸಲ ನೋಡುತ್ತಾರೆ, ಹಿನ್ನೆಲೆಯನ್ನು ನಾಲ್ಕು ಸಲ. ಹಿಂದೆ ಹೈಟೆನ್ಷನ್ ತಂತಿ ಹೋಗಿದೆಯಾ? ಹಳ್ಳ ಎಲ್ಲಿ ತಿರುಗಿದೆ? ಟ್ರಕ್ಕಿನ ಹಿಂದೆ ಇಲಾಖೆಯ ಬೋರ್ಡಿನ ಒಂದು ಮೂಲೆ ಕಾಣುತ್ತಿದೆಯಾ? ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಯಾವುದು ಅಂತ ಗೊತ್ತಿದ್ದರೆ ಮಿಕ್ಕದ್ದನ್ನು ಉಪಗ್ರಹ ನಕ್ಷೆಯಲ್ಲಿ ಅರ್ಧ ಗಂಟೆಯಲ್ಲಿ ಹುಡುಕುತ್ತಾರೆ. ಹಾಗಾಗಿ ಇಲ್ಲಿ ತಿಳಿದವರು ಜಿಂಕೆಯನ್ನು ಮನೆಯ ಗ್ಯಾರೇಜಿನ ಮುಂದೆ ಇಟ್ಟು ಫೋಟೊ ತೆಗೆಯುತ್ತಾರೆ, ಇಲ್ಲವೇ ಬರೀ ಹುಲ್ಲು ಕಾಣುವಂತೆ ಕೆಳಗಿನಿಂದ ತೆಗೆಯುತ್ತಾರೆ. ಸೀಸನ್ ಮುಗಿಯುವ ತನಕ ಹಾಕುವುದೇ ಇಲ್ಲ, ಅದು ಇನ್ನೂ ಒಳ್ಳೆಯದು.

ಇದನ್ನೂ ಹೇಳಬೇಕು. ನವೆಂಬರ್ 15ಕ್ಕೆ ಅಲ್ಲಿ ಬಂದಿದ್ದವರೆಲ್ಲ ಆ ಫೋಟೊ ನೋಡಿಯೇ ಬಂದರು ಅಂತ ಹೇಳಲಾಗುವುದಿಲ್ಲ. ಮಿಷಿಗನ್‌ನಲ್ಲಿ ಕೋವಿ ಸೀಸನ್ ಯಾವ ವಾರ ಬಿದ್ದರೂ ನವೆಂಬರ್ 15ಕ್ಕೇ ಶುರು, 30ಕ್ಕೆ ಮುಗಿತಾಯ. ಆ ದಿನ ಎಷ್ಟೋ ಕಡೆ ಶಾಲೆಗೇ ರಜಾ. ದಕ್ಷಿಣ ಮಿಷಿಗನ್‌ನ ಸಾರ್ವಜನಿಕ ಜಾಗಗಳಲ್ಲಿ ಅವತ್ತು ಟ್ರಕ್ ತುಂಬದಿದ್ದರೆ ಆಶ್ಚರ್ಯ. ಎಲ್ಲ ಹೊರೆ ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಆದರೆ ನಿಮ್ಮ ಗೆಳೆಯರ ಮನಸ್ಸಿನಲ್ಲಿ ಈ ಎರಡಕ್ಕೂ ಗಂಟು ಬಿದ್ದಾಗಿದೆ. ಆ ಗಂಟನ್ನು ವಾದದಿಂದ ಬಿಡಿಸಲು ಹೋಗಬೇಡಿ.

ಎಲ್ಲಕ್ಕಿಂತ ದೊಡ್ಡ ಕಾರಣ

ಇದನ್ನು ನಿಮ್ಮ ಪತ್ರ ಮುಟ್ಟಲೇ ಇಲ್ಲ. ಜಾಗ ಹಂಚಿಕೊಂಡವರು ಒಬ್ಬರಿಗೊಬ್ಬರು ಹೇಳಿಕೊಂಡು ಹೋಗುವುದು ಬರೀ ಮರ್ಯಾದೆಗೆ ಅಲ್ಲ. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ಗೊತ್ತಿರಬೇಕು, ಅದಕ್ಕೆ. ಅವರು ಪ್ರವಾಸ ಬೇಗ ಮುಗಿಸಿ ಅವತ್ತೇ ಸಂಜೆ ಬಂದಿದ್ದರೆ? ಕ್ರಾಸ್‌ಬೋ ಬಾಣ ಹತ್ತಿರದ್ದೇ ಇರಬಹುದು. ಕೋವಿ ಸೀಸನ್‌ನಲ್ಲಾದರೆ ರೈಫಲ್ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗುತ್ತದೆ. ತಮ್ಮ ಸ್ಟ್ಯಾಂಡ್ ಖಾಲಿ ಇದೆ ಅಂತ ನಂಬಿದವರು ಆ ದಿಕ್ಕಿಗೆ ಗುಂಡು ಹಾರಿಸಬಹುದು. ಗೊತ್ತಿದ್ದರೆ ಆ ದಿಕ್ಕನ್ನು ಬಿಟ್ಟುಬಿಡುತ್ತಿದ್ದರು. ತರಗತಿಯಲ್ಲಿ ನಾವು ಮೊದಲು ಹೇಳಿಕೊಡುವುದೇ ಇದು: ಯಾವ ಕಡೆ ಹೊಡೆಯಬಹುದು, ಯಾವ ಕಡೆ ಹೊಡೆಯಲೇಬಾರದು ಅನ್ನುವ ಗೆರೆಯನ್ನು ಕೂರುವ ಮೊದಲೇ ಹಾಕಿಕೊಳ್ಳಬೇಕು. ಆ ಗೆರೆ ಪಕ್ಕದವರು ಎಲ್ಲಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಸ್ಟ್ಯಾಂಡಿನ ವಿಷಯವೂ ಹಾಗೇ. ಕೋವಿಯ ಅಪಘಾತಕ್ಕೆ ಎಲ್ಲರೂ ಹೆದರುತ್ತಾರೆ, ಮರದಿಂದ ಬೀಳುವುದಕ್ಕೆ ಹೆದರುವುದಿಲ್ಲ. ಬೇಟೆಗಾರರು ಗಾಯಗೊಳ್ಳುವ ದೊಡ್ಡ ಕಾರಣಗಳಲ್ಲಿ ಟ್ರೀ ಸ್ಟ್ಯಾಂಡಿನಿಂದ ಬೀಳುವುದು ಒಂದು. ಬೇಸಿಗೆಯ ಬಿಸಿಲು ತಿಂದ ಪಟ್ಟಿ ಮೇಲೆ ನೋಡಲು ಗಟ್ಟಿ ಕಾಣುತ್ತದೆ. ಹಿಂದುಗಡೆ, ಮರಕ್ಕೆ ತಾಗಿದ ಕಡೆ, ಅಳಿಲು ಅರ್ಧ ಕಡಿದಿರುತ್ತದೆ. ಮರ ಒಂದು ವರ್ಷ ದಪ್ಪಗಾದರೂ ಪಟ್ಟಿಯ ಬಿಗಿ ಬದಲಾಗುತ್ತದೆ. ಕಟ್ಟಿದವರಿಗೆ ಅದರ ಗುಣ ಗೊತ್ತು. ಕೇಳಿದ್ದರೆ 'ಎಡಗಡೆ ಮೂರನೇ ಮೆಟ್ಟಿಲಿಗೆ ಭಾರ ಹಾಕಬೇಡ' ಅಂತ ಅವರು ಹೇಳುತ್ತಿದ್ದರು. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. ನಿಮ್ಮ ಗೆಳೆಯ ಬೀಳದಂತೆ ಹಿಡಿಯುವ ಮೈಪೂರ್ತಿ ಬೆಲ್ಟ್ ಹಾಕಿಕೊಂಡಿದ್ದನಾ ಅಂತ ನೀವು ಬರೆದಿಲ್ಲ. ಇಲ್ಲ ಅಂದರೆ ಇನ್ನು ಮುಂದೆ ಅದಿಲ್ಲದೆ ನೆಲ ಬಿಡುವುದು ಬೇಡ.

ಇನ್ನೊಂದನ್ನು ಮುಚ್ಚಿಡದೆ ಹೇಳುತ್ತೇನೆ. 2004ರ ನವೆಂಬರಿನಲ್ಲಿ ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಸಾಯರ್ ಕೌಂಟಿಯಲ್ಲಿ ಖಾಸಗಿ ಜಾಗದ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬ ಕೂತಿದ್ದ. ಅಲ್ಲಿಂದ ಶುರುವಾದ ಜಗಳದಲ್ಲಿ ಆರು ಜನ ಸತ್ತರು. ಕೂತಿದ್ದವನು ಏಷ್ಯಾ ಮೂಲದವನು, ಜನಾಂಗದ ಬೈಗುಳದ ಮಾತೂ ಕೋರ್ಟಿನಲ್ಲಿ ಬಂತು. ಅಂಥದ್ದು ತೀರಾ ಅಪರೂಪ. ನನಗೆ ಹಳ್ಳಿಗಾಡಿನ ಬೇಟೆಗಾರರಿಂದ ಸಿಕ್ಕಿರುವುದು ಜಾಸ್ತಿ ಬಿಸಿ ಕಾಫಿಯೇ. ಆದರೂ ಕಾಡಿನ ಜಗಳದಲ್ಲಿ ಎರಡೂ ಕಡೆ ಕೈಯಲ್ಲಿ ಕೋವಿ ಇರುತ್ತದೆ. ನಿಮ್ಮ ಪಕ್ಷವೇ ಸರಿ ಇದ್ದರೂ ದನಿ ತಗ್ಗಿಸಿ ಅಲ್ಲಿಂದ ಹೊರಡಿ. ಜಾಸ್ತಿಯಾದರೆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿ.

ಅಂದಹಾಗೆ, ನವೆಂಬರ್ 15ರ ಕತ್ತಲಲ್ಲಿ ಆ ಇಬ್ಬರನ್ನು ನೋಡಿದಾಗ ನಿಮ್ಮ ಗೆಳೆಯರು ಏನು ಮಾಡಿದರು? ನನ್ನ ಊಹೆ: ತಲೆದೀಪವನ್ನು ಒಂದೆರಡು ಸಲ ಮಿಣುಕಿಸಿ, ಕೈಯೆತ್ತಿ, ಸದ್ದಿಲ್ಲದೆ ಬಂದ ದಾರಿಯಲ್ಲೇ ತಿರುಗಿರುತ್ತಾರೆ. ಅದೇ ಸರಿಯಾದ ರೀತಿ. ಮೊದಲು ಕೂತವರದ್ದು ಆ ಬೆಳಗು. ಅವರ ಮುಂದೆ ಅಡ್ಡ ಹಾಯಬಾರದು, ಅವರು ನೋಡುತ್ತಿರುವ ದಿಕ್ಕಿನಲ್ಲಿ ಹೋಗಿ ಕೂರಬಾರದು. ಅದಕ್ಕಾಗಿಯೇ ಪ್ರತಿಯೊಬ್ಬರ ಹತ್ತಿರವೂ ಎರಡನೇ, ಮೂರನೇ ಜಾಗ ಇರಬೇಕು.

ಈಗ ಏನು ಮಾಡಬಹುದು

ನಿಮ್ಮ ಮುಂದೆ ನಾಲ್ಕು ದಾರಿ ಇವೆ. ಯಾವುದೂ ಪುಕ್ಕಟೆ ಅಲ್ಲ.

ಮೊದಲನೆಯದು, ಸುಮ್ನೆ ಇದ್ದುಬಿಡುವುದು. ಕಾಲ ಕಳೆದರೆ ಮರೆತಾರು ಅಂತ. ಇದು ಸುಲಭ. ಆದರೆ ಇಲ್ಲಿನ ಜನ ಬೈಯದೆ ದೂರವಾದರು ಅಂದರೆ ವಿಷಯ ಮುಗಿದಿದೆ ಅಂತ ಅಲ್ಲ, ಅವರು ತಮ್ಮ ಮಟ್ಟಿಗೆ ತೀರ್ಮಾನ ಮಾಡಿದ್ದಾರೆ ಅಂತ. ಮುಂದಿನ ಸೀಸನ್‌ನಲ್ಲಿ ಅದೇ ಪಾರ್ಕಿಂಗಿನಲ್ಲಿ ಇಬ್ಬರೂ ಎದುರಾದರೆ ಈಗಿನದಕ್ಕಿಂತ ಕಷ್ಟ.

ಎರಡನೆಯದು, ನೇರವಾಗಿ ಹೋಗಿ ಹೇಳುವುದು. ಇದನ್ನೇ ನಾನು ಮೊದಲು ಮಾಡಿ ಅನ್ನುತ್ತೇನೆ. ಮೆಸೇಜಿನಲ್ಲಿ ಬೇಡ, ಆಫೀಸಿನಲ್ಲೂ ಬೇಡ. ಒಂದು ಸಂಜೆ ಕಾಫಿಗೋ ಬಿಯರಿಗೋ ಕರೆಯಿರಿ. ಮಾತು ಚಿಕ್ಕದಾಗಿರಲಿ: 'ನಿಮ್ಮನ್ನು ಕೇಳದೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಕರೆದುಕೊಂಡು ಹೋದೆ. ನಿಮ್ಮ ಸ್ಟ್ಯಾಂಡ್ ಬಳಸಿದೆ. ಫೋಟೊ ಹೊರಗೆ ಹೋಗಲು ಬಿಟ್ಟೆ. ತಪ್ಪಾಯಿತು. ಇನ್ನು ನೀವು ಕರೆಯದೆ ಅಲ್ಲಿಗೆ ನಾನು ಹೋಗುವುದಿಲ್ಲ.' ಇಷ್ಟೇ. 'ಸರ್ಕಾರಿ ಜಾಗ ಆದರೂ' ಅಂತ ಶುರುಮಾಡಿದರೆ ಕ್ಷಮೆ ಅಲ್ಲೇ ಸತ್ತುಹೋಗುತ್ತದೆ. ಇಲ್ಲಿನ ಕಟ್ಟಳೆ ಗೊತ್ತಿರಲಿಲ್ಲ ಅನ್ನುವುದನ್ನು ಅವರು ಕೇಳಿದರೆ ಹೇಳಿ. ಇದರ ಅಪಾಯ ಏನೆಂದರೆ, ಅವರು 'ಪರವಾಗಿಲ್ಲ ಬಿಡು' ಅಂದು ಆಮೇಲೂ ಕರೆಯದೆ ಇರಬಹುದು. ಹೋಗುವುದಿಲ್ಲ ಅಂತ ಕೊಟ್ಟ ಮಾತು ಆಗಲೂ ಉಳಿಸಿಕೊಳ್ಳಬೇಕು. ಜಾಗ ಹೋಯಿತು ಅಂತಲೇ ಲೆಕ್ಕ ಹಾಕಿಕೊಂಡು ಮಾತಾಡಲು ಹೋಗಿ.

ಮೂರನೆಯದು, ನಿಮ್ಮದೇ ಜಾಗ ಹುಡುಕುವುದು. ಎರಡನೆಯದರ ಜೊತೆಗೆ ಇದನ್ನೂ ಮಾಡಿ. ಕಷ್ಟ ಇದೆ, ಆದರೆ ನಿಮ್ಮನ್ನು ನಿಜವಾಗಿ ಬೇಟೆಗಾರನನ್ನಾಗಿ ಮಾಡುವುದು ಇದೇ. ಇಲಾಖೆಯ ಮಿ-ಹಂಟ್ ನಕ್ಷೆ ಉಚಿತ. ಆನ್‌ಎಕ್ಸ್‌ನಂಥ ಆ್ಯಪ್‌ಗಳಲ್ಲಿ ಖಾಸಗಿ ಜಾಗದ ಗಡಿ ಕಾಣುತ್ತದೆ. ದಕ್ಷಿಣ ಮಿಷಿಗನ್‌ನಲ್ಲಿ ರೈತರ ಜಮೀನನ್ನು ಸರ್ಕಾರ ಬಾಡಿಗೆಗೆ ಪಡೆದು ಬೇಟೆಗೆ ಬಿಡುವ ಒಂದು ಯೋಜನೆ 1977ರಿಂದ ಇದೆ, ಹೆಸರು ಹಂಟಿಂಗ್ ಆ್ಯಕ್ಸೆಸ್ ಪ್ರೋಗ್ರಾಂ. ಅದರಲ್ಲಿ ಒಂದು ಹೊತ್ತಿಗೆ ಇಂತಿಷ್ಟೇ ಜನ ಅಂತ ಮಿತಿ ಇರುತ್ತದೆ, ಹಾಗಾಗಿ ನೂಕುನುಗ್ಗಲು ಕಡಿಮೆ. ಹಿಮ ಕರಗುವ ಹೊತ್ತಿಗೆ ಹೋಗಿ ನಡೆಯಿರಿ. ಹಳೇ ಜಾಡು, ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದ ಮರ, ಮಲಗಿದ ತಗ್ಗು ಎಲ್ಲ ಆಗ ಚೆನ್ನಾಗಿ ಕಾಣುತ್ತವೆ. ಆಗ ನಿಮ್ಮ ವಾಸನೆಯಿಂದ ಯಾರ ಬೇಟೆಯೂ ಕೆಡುವುದಿಲ್ಲ. ಅಪಾಯ ಗಡಿಯದು. ಇಲ್ಲಿ ಜಮೀನಿಗೂ ಅದಕ್ಕೆ ಸೇರಿದ ಮರಗಾಡಿಗೂ ಬೋರ್ಡ್ ಇಲ್ಲದಿದ್ದರೂ ಅನುಮತಿ ಬೇಕು. ನೀವು ಹೊಡೆದ ಜಿಂಕೆ ಬೇಲಿ ದಾಟಿ ಬಿದ್ದರೂ ಮಾಲೀಕರನ್ನು ಕೇಳಿಯೇ ಒಳಗೆ ಹೋಗಬೇಕು. ಜನ ವಾಸ ಇರುವ ಮನೆ, ಕೊಟ್ಟಿಗೆಯಿಂದ 450 ಅಡಿಯೊಳಗೆ ಅನುಮತಿ ಇಲ್ಲದೆ ಕೋವಿಯಿಂದ ಬೇಟೆ ಆಡುವಂತಿಲ್ಲ.

ನಾಲ್ಕನೆಯದು, ಮೂರ್ನಾಲ್ಕು ಗೆಳೆಯರು ಸೇರಿ ಖಾಸಗಿ ಜಮೀನು ಲೀಸಿಗೆ ಹಿಡಿಯುವುದು. ನಮ್ಮವರಿಗೆ ಇದು ಬೇಗ ಹಿಡಿಸುತ್ತದೆ, ದುಡ್ಡು ಹಾಕಿದರೆ ತಲೆನೋವು ಮುಗಿಯಿತು ಅಂತ. ಮುಗಿಯುವುದಿಲ್ಲ, ತಲೆನೋವಿನ ಹೆಸರು ಬದಲಾಗುತ್ತದೆ. ಮೊದಲ ದಿನ ಯಾರು ಯಾವ ಸ್ಟ್ಯಾಂಡ್? ಅತಿಥಿಗಳನ್ನು ಕರೆತರಬಹುದಾ? ಒಬ್ಬರು ಮೊದಲ ವಾರವೇ ಎಳೇ ಗಂಡುಗಳನ್ನು ಹೊಡೆದರೆ ಉಳಿದವರು ಸುಮ್ಮನಿರುತ್ತಾರಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕದೆ ದುಡ್ಡು ಕೊಡಬೇಡಿ. ಹಣ ತೆಗೆದುಕೊಳ್ಳದೆ ಬಿಟ್ಟ ಮಾಲೀಕರಿಗೆ ಇಲ್ಲಿನ ಕಾನೂನು ಅಪಘಾತದ ಹೊಣೆಯಿಂದ ಒಳ್ಳೆ ರಕ್ಷಣೆ ಕೊಡುತ್ತದೆ. ಹಣ ಕೈ ಬದಲಾದರೆ ಮಾತು ಬೇರೆ, ಹಾಗಾಗಿ ಅವರು ನಿಮ್ಮಿಂದ ವಿಮೆ ಕೇಳಬಹುದು.

ಅವರು ಮತ್ತೆ ನಿಮ್ಮನ್ನು ಕರೆದರೆ, ಈ ಸಲ ಮೊದಲೇ ಮಾತಾಡಿಕೊಳ್ಳಿ. ನನ್ನ ಅನುಭವದಲ್ಲಿ ಉಳಿದುಬಂದ ಜೋಡಿಗಳೆಲ್ಲ ಹೀಗೆ ಮಾಡುತ್ತಾರೆ. ಹಿಂದಿನ ರಾತ್ರಿಯೇ ಒಂದು ಮೆಸೇಜ್: ನಾಳೆ ಹೋಗುತ್ತಿದ್ದೇನೆ, ಇಂಥ ಮರ, ಇಷ್ಟು ಹೊತ್ತಿಗೆ ಇಳಿಯುತ್ತೇನೆ. ಹಳ್ಳದ ಆಚೆ ಒಬ್ಬರು, ಈಚೆ ಒಬ್ಬರು. ಯಾರಿಗಾದರೂ ಜಿಂಕೆಗೆ ಏಟು ಬಿದ್ದರೆ ಇನ್ನೊಬ್ಬರು ತಮ್ಮ ಬೇಟೆ ಬಿಟ್ಟು ಹುಡುಕಲು ಬರುತ್ತಾರೆ. ಜಾಗ ತೋರಿಸಿದವರಿಗೆ ಮೊದಲ ದಿನದ ಆಯ್ಕೆ, ಇದರಲ್ಲಿ ಚೌಕಾಸಿ ಬೇಡ. ಎಳೇ ಗಂಡು ಬಿಡಬೇಕು ಅಂತ ಅವರು ಹೇಳಿದರೆ ಅದು ಅವರ ಆಸೆ. ಅವರ ಜಾಗದಲ್ಲಿ ಕೂತಾಗ ಒಪ್ಪಿಕೊಳ್ಳಿ. ರಾಜ್ಯದ ವಾಯವ್ಯ ಭಾಗದ ಕೆಲವು ಕೌಂಟಿಗಳಲ್ಲಂತೂ ಕೊಂಬಿನ ಒಂದು ಕಡೆ ಕನಿಷ್ಠ ಮೂರು ಮೊನೆ ಇರಬೇಕು ಅನ್ನುವುದು ಕಾನೂನೇ. ಹೆಣ್ಣು ಜಿಂಕೆ ಬೇಕಾದರೆ ಹೊಡೆಯಬಹುದಾ ಅಂತ ಕೇಳಿ. ದಕ್ಷಿಣದಲ್ಲಿ ಜಿಂಕೆ ಜಾಸ್ತಿಯಾಗಿ ಇಲಾಖೆಯೇ ಹೆಣ್ಣು ಹೊಡೆಯಿರಿ ಅನ್ನುತ್ತಿದೆ.

ಮಾಂಸ ಹಂಚುವುದರಲ್ಲಿ ನಿಮಗೆ ಪಾಠ ಬೇಡ, ಅದು ನಮಗೆ ರಕ್ತದಲ್ಲೇ ಇದೆ. ಎಳೆಯಲು ಬಂದವರಿಗೆ ಪಾಲು, ಜಾಗ ತೋರಿಸಿದವರಿಗೆ ಬೆನ್ನಿನ ಒಳ್ಳೆ ತುಂಡು. ಹಾಗೆ ನೋಡಿದರೆ ಅಕ್ಟೋಬರಿನ ಜಿಂಕೆಯದ್ದು ಅವರಿಗೆ ಏನಾದರೂ ತಲುಪಿತಾ? ಫ್ರೀಜರಿನಲ್ಲಿ ಇನ್ನೂ ಇದ್ದರೆ ಕಾಫಿಗೆ ಹೋಗುವಾಗ ತೆಗೆದುಕೊಂಡು ಹೋಗಿ. ಪರೀಕ್ಷೆ ಮಾಡಿಸಿದ್ದರೆ ಅದನ್ನೂ ಹೇಳಿ. ಜಿಂಕೆಗಳ ಮೆದುಳಿಗೆ ಬರುವ ಸಿಡಬ್ಲ್ಯುಡಿ ರೋಗ ಮಿಷಿಗನ್‌ನ ಕಾಡು ಜಿಂಕೆಗಳಲ್ಲಿ 2015ರಿಂದ ಕಾಣಿಸಿಕೊಂಡಿದೆ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ, ಆದರೆ ರೋಗ ಇರುವ ಕೌಂಟಿಯ ಮಾಂಸವನ್ನು ಪರೀಕ್ಷೆ ಆಗದೆ ತಿನ್ನಬೇಡಿ ಅಂತ ಆರೋಗ್ಯ ಇಲಾಖೆಗಳು ಹೇಳುತ್ತವೆ. ಟ್ಯಾಗ್ (ಹೊಡೆದ ಜಿಂಕೆಗೆ ಕಟ್ಟುವ ಲೈಸೆನ್ಸಿನ ಚೀಟಿ) ಮಾತ್ರ ಹಂಚಿಕೊಳ್ಳುವಂತಿಲ್ಲ. ವಿಸ್ಕಾನ್ಸಿನ್‌ನಲ್ಲಿ ಗುಂಪಾಗಿ ಹೋದಾಗ ಒಬ್ಬರು ಹೊಡೆದದ್ದಕ್ಕೆ ಇನ್ನೊಬ್ಬರ ಟ್ಯಾಗ್ ಹಾಕಲು ಷರತ್ತಿನ ಮೇಲೆ ಅವಕಾಶ ಇದೆ. ಮಿಷಿಗನ್‌ನಲ್ಲಿ ಹೊಡೆದವರದ್ದೇ ಟ್ಯಾಗ್. 72 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿಯನ್ನೂ ಕೊಡಬೇಕು.

ನಿಮ್ಮ ಕನ್ನಡದ ಗೆಳೆಯನ ವಿಷಯ

ಇದು ಶಿಷ್ಟಾಚಾರದ ಪ್ರಶ್ನೆ ಅಲ್ಲ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿಯಲ್ಲಿರುವ ಅನ್ನುವ ಮಾತಿಗೆ ಒತ್ತು ಕೊಡಿ. ಲೈಸೆನ್ಸ್ ಅವಧಿ ಮುಗಿದ ಮೇಲೆ ಕೋವಿ ಮನೆಯ ಕಪಾಟಿನಲ್ಲಿ ಇದ್ದರೂ ತೊಂದರೆಯೇ. ಮಿಷಿಗನ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸದು ಮಾರ್ಚ್ 1ರಿಂದ ಸಿಗುತ್ತದೆ, ಹಾಗಾಗಿ ನಡುವೆ ಖಾಲಿ ಬಿಡದೆ ಕೊಳ್ಳಬಹುದು. 'ನನ್ನ ಕೋವಿ, ಅವನು ಒಂದು ನಿಮಿಷ ಹಿಡಿದ' ಅನ್ನುವುದೂ ಈ ಕಾನೂನಿನ ಕಣ್ಣಿನಲ್ಲಿ ಸಣ್ಣದಲ್ಲ. ಇಂಥದ್ದರಲ್ಲಿ ಎಡವಿದರೆ ಗ್ರೀನ್ ಕಾರ್ಡಿಗೇ ಕಲ್ಲು. ಕೊಳ್ಳುವ ಮೊದಲು ಅವನ ವಲಸೆ ವಕೀಲರನ್ನು ಒಂದು ಮಾತು ಕೇಳಲಿ.

ಅವನಿಗೆ ಇನ್ನೊಂದು ಮಾತು. ಇಲ್ಲಿ ರುಚಿ ಹತ್ತಿದವರು ಊರಿಗೆ ಹೋದಾಗ ತೋಟಕ್ಕೆ ಬರುವ ಕಾಡುಹಂದಿ, ಬರ್ಕ ಅಂತ ಮಾತು ತೆಗೆಯುತ್ತಾರೆ. ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಇಲ್ಲಿನ ಲೈಸೆನ್ಸ್ ಅಲ್ಲಿ ರದ್ದಿ ಕಾಗದ.

ಅವನಿಗೆ ನೀವೇ ಕಲಿಸಿ, ಆದರೆ ನೀವು ಹುಡುಕಿದ ಹೊಸ ಜಾಗದಲ್ಲಿ. ಮೊದಲ ದಿನವೇ ಈ ಕಟ್ಟಳೆಗಳನ್ನು ಬಾಯಿಬಿಟ್ಟು ಹೇಳಿ, ಅವನಿಗೆ ಅಪ್ಪನ ಹಿಂದೆ ನಡೆದ ಅಭ್ಯಾಸ ಇಲ್ಲ. 1960ರ ಜನವರಿ 1ರಂದು ಅಥವಾ ಅದರ ಆಮೇಲೆ ಹುಟ್ಟಿದವರಿಗೆ ಮಾಮೂಲಿ ಲೈಸೆನ್ಸ್ ಬೇಕಾದರೆ ಹಂಟರ್ ಸೇಫ್ಟಿ ಪ್ರಮಾಣಪತ್ರ ಇರಲೇಬೇಕು. ಅಕ್ಟೋಬರಿನಲ್ಲಿ ಅವನು ಕೊಂಡಿದ್ದು ಅಪ್ರೆಂಟಿಸ್ ಲೈಸೆನ್ಸ್ (ಪ್ರಮಾಣಪತ್ರ ಇಲ್ಲದ ಹೊಸಬರು ಲೈಸೆನ್ಸ್ ಇರುವವರ ಜೊತೆ ಹೋಗಲು ಸಿಗುವುದು) ಆಗಿದ್ದರೆ, ಪ್ರಮಾಣಪತ್ರ ಮಾಡಿಸುವ ಕೆಲಸ ಇನ್ನೂ ಬಾಕಿ ಇದೆ. ಬೇಸಿಗೆಯಲ್ಲೇ ಹೆಸರು ಹಚ್ಚಲಿ. ಸೆಪ್ಟೆಂಬರ್ ಬಂತೆಂದರೆ ತರಗತಿಗಳೆಲ್ಲ ತುಂಬಿ, ಸೀಟಿಗೆ ಫೋನ್ ಮೇಲೆ ಫೋನ್ ಬರುತ್ತವೆ.